ಅಗ್ಗಳಯ್ಯನ ಹಂಡೆಗೆ ಬಿಸಿ ಎಲ್ಲಿಂದ ಬಂತು?

ಮಂತ್ರ ಹಾಕಿ ನೀರು ಕಾಯಿಸುವ ವಿದ್ಯೆಯನ್ನು ಈ ಲೋಕಕ್ಕೆ ಕೊಟ್ಟವನು ನಾನೇ. ಹಿಮಾಲಯದ ಗುಹೆಯೊಂದರಲ್ಲಿ ವರ್ಷಗಟ್ಟಲೆ ಒಂಟಿಕಾಲಿನ ಮೇಲೆ ನಿಂತು, ಸೂರ್ಯನನ್ನು ಎದುರಿಗೆ ಕರೆಸಿಕೊಂಡು, "ಎಲ್ಲಯ್ಯಾ ನಿನ್ನ ಗುಟ್ಟು, ತೆಗಿ ಹೊರಗೆ" ಎಂದು ಗದರಿಸಿ ಕಲಿತು ಬಂದೆ.

ಸುಳ್ಳು. ನಾನು ಒಂಟಿಕಾಲಿನ ಮೇಲೆ ನಿಂತದ್ದು ಬಸ್ಸಿನಲ್ಲಿ ಮಾತ್ರ, ಇನ್ನೊಂದು ಕಾಲಿಡಲು ಜಾಗವಿರಲಿಲ್ಲ. ಸೂರ್ಯನ ಮಾತಿರಲಿ, ಈ ಹೋಟೆಲಿನ ಯಜಮಾನನನ್ನು ಗದರಿಸುವ ಧೈರ್ಯವೂ ನನಗಿಲ್ಲ. "ಒಂದು ಟೀ ಕೊಡಪ್ಪಾ" ಎಂದು ವಿನಯದಿಂದ ಕೇಳಿ ಕೂತಿದ್ದೇನೆ. ಅದು ಬರುವುದರೊಳಗೆ ನಿಮಗೊಂದು ಕಥೆ ಹೇಳುತ್ತೇನೆ. ಇದು ನಿಜ. ನಿಜ ಅಂದರೆ, ಇದನ್ನು ನನಗೆ ಹೇಳಿದವನು ನನಗಿಂತ ಕಡಿಮೆ ಸುಳ್ಳು ಹೇಳುವವನು.

ಮಂತ್ರಗಳು ನಿಜವಾಗಿ ಕೆಲಸ ಮಾಡುವ ಒಂದು ನಾಡಿತ್ತು. ಆ ನಾಡಿನಲ್ಲಿ, ಬೆಟ್ಟದ ನೆತ್ತಿಯ ಮೇಲೆ, ಗಡಗಡಪುರ ಎಂಬ ಊರು. ಹೆಸರು ಕೇಳಿ ನಗಬೇಡಿ, ಆ ಊರಿನ ಚಳಿ ನೋಡಿದ್ದರೆ ನೀವೂ ಅದೇ ಹೆಸರಿಡುತ್ತಿದ್ದಿರಿ. ಅಲ್ಲಿ ಕೊಬ್ಬರಿ ಎಣ್ಣೆಯನ್ನು ಸೀಸೆಯಿಂದ ಬಗ್ಗಿಸಿದವರು ಯಾರೂ ಇಲ್ಲ. ಸೀಸೆ ಒಡೆದು, ಎಣ್ಣೆಯನ್ನು ಹೋಳು ಮಾಡಿ, ಸೋಪಿನ ಹಾಗೆ ತಲೆಗೆ ತಿಕ್ಕಿಕೊಳ್ಳುತ್ತಿದ್ದರು.

ಅಂಥ ಊರಿನಲ್ಲಿ ಬಿಸಿನೀರಿನ ಸ್ನಾನ ಅಂದರೆ ಏನು ಅಂತ ನೀವೇ ಯೋಚಿಸಿ. ಊರಿಗೆಲ್ಲ ಸೇರಿ ಒಂದೇ ಬಚ್ಚಲುಮನೆ. ಅದರಲ್ಲಿ ಒಂದು ತಾಮ್ರದ ಹಂಡೆ, ಎಮ್ಮೆಕರು ಮುಳುಗುವಷ್ಟು ದೊಡ್ಡದು. ಅದನ್ನು ಕಾಯಿಸುವ ಸೌದೆಗೆ ಹೆಂಗಸರು ಬೆಟ್ಟದ ಬುಡಕ್ಕೆ ಇಳಿಯಬೇಕು, ಹೊರೆ ಹೊತ್ತು ಹತ್ತಬೇಕು. ಸ್ನಾನ ಮುಗಿಯುವಷ್ಟರಲ್ಲಿ ಸೊಂಟ ನೋವು ಶುರು, ಸೊಂಟ ನೋವಿಗೆ ಮತ್ತೆ ಬಿಸಿನೀರು ಬೇಕು.

ಈ ಪಾಡು ನೋಡಲಾರದೆ ಊರಿನ ಮಂತ್ರವಾದಿ ಅಗ್ಗಳಯ್ಯ ಒಂದು ದಿನ ಹಂಡೆಯ ಮುಂದೆ ಕೂತರು. ಕಣ್ಣು ಮುಚ್ಚಿ ಒಂದು ಮಂತ್ರ ಹೇಳಿದರು. ಒಲೆಯಲ್ಲಿ ಕಡ್ಡಿ ಇಲ್ಲ, ಕೆಂಡ ಇಲ್ಲ. ಹಂಡೆಯ ನೀರು ಮಾತ್ರ ಗುಳುಗುಳು ಎಂದು ಕುದಿಯಿತು.

ಊರು ಹುಚ್ಚೆದ್ದು ಕುಣಿಯಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡ ಸಾಲು, ಸಾಲಿನ ತುಂಬ ನಗು. ಅಗ್ಗಳಯ್ಯನವರನ್ನು ಕಂಡರೆ ಊರಿಗೆಲ್ಲ ಪ್ರೀತಿ. ಅವರಿಗೂ ಊರೆಂದರೆ ಪ್ರೀತಿ. ಮುದುಕರು ಬಂದರೆ ನೀರು ತಾವೇ ಹದ ನೋಡಿ ಕೊಡುತ್ತಿದ್ದರು, "ಬೆನ್ನಿಗೆ ಸರಿಯಾಗಿ ಹುಯ್ಕೊಳ್ಳಿ, ಕಡಿಮೆ ಬಿದ್ದರೆ ನಾನಿದ್ದೀನಿ" ಅನ್ನುತ್ತಿದ್ದರು.

"ಈ ಬಿಸಿ ಎಲ್ಲಿಂದ ಬರುತ್ತೆ ಅಯ್ಯನೋರೇ?" ಎಂದು ಯಾರಾದರೂ ಕೇಳಿದರೆ, ಗಡ್ಡ ನೀವಿಕೊಂಡು, "ಎಲ್ಲಿಂದಲೂ ಇಲ್ಲ. ಅದೇ ಮಂತ್ರದ ಮಹಿಮೆ" ಅನ್ನುತ್ತಿದ್ದರು. ಹಾಗೆ ಅನ್ನುವಾಗ ಅವರ ಮುಖ ಹಂಡೆಯಷ್ಟೇ ಹೊಳೆಯುತ್ತಿತ್ತು.

ಅವರಿಗೊಬ್ಬಳು ಶಿಷ್ಯೆ, ಹೊನ್ನಿ. ಕೆಳಗಿನ ಬಯಲೂರಿನಿಂದ ವಿದ್ಯೆ ಕಲಿಯಲು ಬಂದ ಹೆಂಗಸು. ಎಲ್ಲ ಒಳ್ಳೆಯದೇ, ಒಂದೇ ಕೆಟ್ಟ ಚಾಳಿ. ಏನು ಕೊಟ್ಟರೂ "ಇದು ಎಲ್ಲಿಂದ?" ಎಂದು ಕೇಳುವಳು. ಉಂಡೆ ಕೊಟ್ಟರೆ ಬೆಲ್ಲ ಎಲ್ಲಿಂದ, ಹೂವು ಕೊಟ್ಟರೆ ಗಿಡ ಯಾರದ್ದು. ಊರಿನವರು ಅವಳಿಗೆ ಎಲ್ಲಿಂದಮ್ಮ ಎಂದೇ ಹೆಸರಿಟ್ಟಿದ್ದರು. ಅವಳು ಅದಕ್ಕೂ ಬೇಜಾರು ಮಾಡಿಕೊಳ್ಳದೆ, "ಹೆಸರು ಚೆನ್ನಾಗಿದೆ, ಯಾರಿಗೆ ಹೊಳೀತು?" ಎಂದು ಕೇಳಿದಳಂತೆ.

ಹಂಡೆಯ ವಿಷಯದಲ್ಲೂ ಅವಳು ಬಿಡಲಿಲ್ಲ.

"ಗುರುಗಳೇ, ಬಿಸಿ ಎಲ್ಲಿಂದ?"

"ಮಂತ್ರದಿಂದ ಕಣಮ್ಮ."

"ಮಂತ್ರ ಅಂದರೆ ಮಾತು ತಾನೇ? ಮಾತಿನಲ್ಲೇ ಬಿಸಿ ಇದ್ದಿದ್ದರೆ ಕೆಂಚವ್ವನ ಬಾಯಿಂದಲೇ ಹಂಡೆ ಕಾಯಿಸಬಹುದಿತ್ತು."

ಅಗ್ಗಳಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಂಚವ್ವ ಯಾರು ಅಂತ ಹೇಳಿಬಿಡುತ್ತೇನೆ. ಪಕ್ಕದ ಮನೆಯವಳು, ಒಂದು ಎಮ್ಮೆ ಮತ್ತು ಒಂದು ದೊಡ್ಡ ಗಂಟಲಿನ ಒಡತಿ. ಆ ಊರಿನಲ್ಲಿ ಹಾಲು ಹೆಪ್ಪುಗಟ್ಟಿಸುವುದು ಸಣ್ಣ ಕೆಲಸವಲ್ಲ. ಬೆಳಿಗ್ಗೆಯೇ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಗಡಿಗೆಗೆ ಕಂಬಳಿ ಹೊದಿಸಿ, ಒಲೆಯ ಮೂಲೆಯಲ್ಲಿ ಕೂಸಿನ ಹಾಗೆ ಮಲಗಿಸಬೇಕು. ಕೆಂಚವ್ವ ಹಾಗೆಲ್ಲ ಮಾಡಿದರೂ ಸಾಯಂಕಾಲ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಮಾರನೇ ದಿನವೂ ಹಾಗೇ. ಹೆಪ್ಪು ಕಡ ಕೊಟ್ಟವಳು ಎದುರುಮನೆಯ ದ್ಯಾವಕ್ಕ. ಸರಿ, ಬೀದಿಯಲ್ಲಿ ಶುರುವಾಯಿತು.

"ನಿನ್ನ ಹೆಪ್ಪಿನ ಯೋಗ್ಯತೆ ಇಷ್ಟೇ ಏನೇ ದ್ಯಾವಿ? ಹಾಲಿನಲ್ಲಿ ಹೋಗಿ ಹೊಸ ಅಳಿಯನ ಥರ ಕೂತಿದೆ, ಒಂದು ಕೆಲಸ ಮಾಡಲ್ಲ!"

"ನನ್ನ ಹೆಪ್ಪು ನಮ್ಮಜ್ಜಿ ಕಾಲದ್ದು ಕಣೇ! ಹೋಗಿ ನಿನ್ನ ಎಮ್ಮೆಗೆ ಬುದ್ಧಿ ಹೇಳು."

"ನನ್ನ ಎಮ್ಮೆ ಸುದ್ದಿಗೆ ಬಂದರೆ ನೋಡು!"

ಇಬ್ಬರ ಮಾತು ನಿಂತುಹೋಯಿತು. ದ್ಯಾವಕ್ಕನ ಮನೆಯಲ್ಲೂ ಹಾಲು ಹೆಪ್ಪುಗಟ್ಟುತ್ತಿರಲಿಲ್ಲ. ಅವಳು ಮಾನಕ್ಕೆ ಅಂಜಿ ಹೇಳಿಕೊಂಡಿರಲಿಲ್ಲ, ಅಷ್ಟೇ. ಹೀಗೆ ಪ್ರತಿಯೊಂದು ಮನೆಯವರೂ ತಮ್ಮ ಮನೆಯ ಮೊಸರು ಮಾತ್ರ ಕೆಟ್ಟಿದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು.

ಅಷ್ಟರಲ್ಲಿ ಅಗ್ಗಳಯ್ಯನವರ ಗಂಟಲು ಕಟ್ಟಿತು. ಒಂದು ದಿನ ಮಂತ್ರವಿಲ್ಲ, ಊರಿಗೆ ಸ್ನಾನವಿಲ್ಲ. ಆ ದಿನ ಕೆಂಚವ್ವನ ಗಡಿಗೆಯಲ್ಲಿ ಮೊಸರು ಎಷ್ಟು ಗಟ್ಟಿಯಾಯಿತೆಂದರೆ ಚಾಕುವಿನಲ್ಲಿ ಕತ್ತರಿಸಿ ಬಡಿಸಿದಳು. ಚಾಕುವಿನ ಮಾತು ನಾನು ಸೇರಿಸಿದ್ದು, ಗಟ್ಟಿಯಾದದ್ದು ನಿಜ. ಗಂಟಲು ಸರಿಹೋಯಿತು, ಹಂಡೆ ಕುದಿಯಿತು, ಮೊಸರು ಮತ್ತೆ ಹಾಲು.

ಊರಿಗೆ ಇದೇನೂ ಕಾಣಲಿಲ್ಲ. ಹೊನ್ನಿಗೆ ಕಂಡಿತು.

"ಗುರುಗಳೇ, ನೀವು ಸುಮ್ಮನಿದ್ದ ದಿನ ಮಾತ್ರ ಮೊಸರಾಯಿತಲ್ಲ? ಹಂಡೆಯ ಬಿಸಿ ಆ ಗಡಿಗೆಗಳಿಂದಲೇ ಬರ್ತಾ ಇದ್ದರೆ?"

"ಒಂದು ಗಡಿಗೆ ಮೊಸರಿನ ಬಿಸಿಗೆ ಇಷ್ಟು ದೊಡ್ಡ ಹಂಡೆ ಕುದಿಯುತ್ತೇನೇ?"

"ಒಂದಲ್ಲ ಗುರುಗಳೇ. ಊರಿನ ಎಲ್ಲಾ ಗಡಿಗೆ."

ಅಗ್ಗಳಯ್ಯನವರಿಗೆ ಮೊದಲ ಸಲ ಅವಳ ಮೇಲೆ ಸಿಟ್ಟು ಬಂತು. "ಹೋಗಿ ಬಟ್ಟೆ ಒಗಿ" ಅಂದರು. ಅವಳು ಹೋಗಿ ಒಗೆದಳು, ನೀರು ಎಲ್ಲಿಂದ ಅಂತ ಕೇಳಲಿಲ್ಲ. ಅಷ್ಟು ನೊಂದಿದ್ದಳು.

ಮೊಸರಾಗದ ಮೇಲೆ ಹೆಪ್ಪು ಹಾಕಿ ಏನು ಸುಖ? ಊರಿನವರು ಹೆಪ್ಪು ಹಾಕುವುದನ್ನೇ ಬಿಟ್ಟರು. ಹಂಡೆ ಕುದಿಯುತ್ತಲೇ ಇತ್ತು. ಆಮೇಲೆ ಬುಟ್ಟಿಯಲ್ಲಿ ಕಾವು ಕೂತ ಕೋಳಿಗಳ ಕೆಳಗೆ ಮೊಟ್ಟೆ ತಣ್ಣಗಾಗತೊಡಗಿತು. ಕೋಳಿಗಳು ಕೂತು ಕೂತು ಬೇಸತ್ತು ಎದ್ದು ಹೋದವು. ಆದರೂ ಹಂಡೆ ಕುದಿಯುತ್ತಲೇ ಇತ್ತು.

ಈಗ ಕಥೆಯ ಮುಖ್ಯ ಜಾಗಕ್ಕೆ ಬಂದೆ. ನನ್ನ ಟೀ ಇನ್ನೂ ಬಂದಿಲ್ಲ, ಅದು ಬೇರೆ ವಿಷಯ.

ಅಗ್ಗಳಯ್ಯನವರ ಮಗಳು ಪದುಮಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಇನ್ನೂ ಹೆಸರಿಟ್ಟಿರಲಿಲ್ಲ. ಆ ಕೂಸಿನ ಕಿವಿ ತಾತನ ಕಿವಿಯ ಪಡಿಯಚ್ಚು ಎಂದು ಊರು ಹೇಳುತ್ತಿತ್ತು. ಅಷ್ಟು ದೊಡ್ಡ ಕಿವಿ ಅಂತ ಅರ್ಥ. ಅಗ್ಗಳಯ್ಯ ಆ ಮಾತಿಗೆ ಹಿಗ್ಗಿ ಹೋಗುತ್ತಿದ್ದರು. ತೊಟ್ಟಿಲ ಹತ್ತಿರ ಕೂತು, ಊರನ್ನೇ ಕಾಯಿಸುವ ದೊಡ್ಡ ಮಂತ್ರವಾದಿ, "ಲಾ ಲಾ ಲಾ" ಎಂದು ನಾಲಿಗೆ ಆಡಿಸುತ್ತಿದ್ದರು.

ಒಂದು ಬೆಳಿಗ್ಗೆ ಪದುಮಿ ಕರೆದಳು. "ಅಪ್ಪಾ, ಕೂಸಿನ ಕಾಲು ಯಾಕೋ ತಣ್ಣಗಿದೆ."

"ಚಳಿ ಕಣಮ್ಮ. ಬಿಸಿಬಿಸಿ ನೀರು ಎರೆಯೋಣ, ಸರಿಹೋಗುತ್ತೆ."

ಹಂಡೆ ಕುದಿಯಿತು. ಕೆಂಚವ್ವನೇ ಬಂದು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎರೆದಳು. ಕೂಸಿನ ಮೈ ಕೆಂಪಾಯಿತು, ಬೆಚ್ಚಗಾಯಿತು. ಎಲ್ಲರಿಗೂ ಸಮಾಧಾನ. ತೊಟ್ಟಿಲಿಗೆ ಹಾಕಿ ಸ್ವಲ್ಪ ಹೊತ್ತಿಗೆ ಮತ್ತೆ ತಣ್ಣಗೆ, ಮೊದಲಿಗಿಂತ ತಣ್ಣಗೆ.

"ಈ ಸಲದ ಚಳಿ ಜಾಸ್ತಿ" ಅಂದರು ಊರಿನವರು.

"ಹಾಗಾದರೆ ಸಾಯಂಕಾಲವೂ ಒಂದು ಹಂಡೆ ಕಾಯಿಸ್ತೀನಿ" ಅಂದರು ಅಗ್ಗಳಯ್ಯ.

ಕಾಯಿಸಿದರು. ಕೂಸು ಇನ್ನೂ ತಣ್ಣಗಾಯಿತು. ಇನ್ನೊಂದು ಹಂಡೆ ಕಾಯಿಸಿದರು. ಕೂಸು ಹಾಲು ಕುಡಿಯುವುದನ್ನು ಕಡಿಮೆ ಮಾಡಿತು. ಅಳುವುದನ್ನೂ ಕಡಿಮೆ ಮಾಡಿತು. ಸುಮ್ಮನೆ ಮಲಗಿರುತ್ತಿತ್ತು. ಅಗ್ಗಳಯ್ಯನವರ ಬೆಕ್ಕು ಯಾವಾಗಲೂ ತೊಟ್ಟಿಲ ಕೆಳಗೆ ಬೆಚ್ಚಗೆ ಸುರುಳಿ ಸುತ್ತಿಕೊಂಡಿರುತ್ತಿದ್ದದ್ದು, ಎದ್ದು ದ್ಯಾವಕ್ಕನ ಒಲೆಯ ಹತ್ತಿರ ಹೋಗಿ ಮಲಗಿತು.

ಬೆಕ್ಕು ಹೋದದ್ದನ್ನು ನೋಡಿ ಹೊನ್ನಿ ಗುರುಗಳ ಹತ್ತಿರ ಓಡಿದಳು.

ಈ ಸಲ ಅವಳು ಕೇಳಲಿಲ್ಲ, ಕೈಮುಗಿದಳು. "ಗುರುಗಳೇ, ನನ್ನನ್ನು ನಂಬಬೇಡಿ. ತುಪ್ಪವನ್ನು ನಂಬಿ."

"ಏನು ತುಪ್ಪ?"

"ನಾಳೆ ಬೆಳಿಗ್ಗೆ ಒಂದೇ ಪಾತ್ರೆಯಲ್ಲಿ ತುಪ್ಪ ಕರಗಿಸ್ತೀನಿ. ಒಂದೊಂದು ಚಮಚ ಪ್ರತಿ ಮನೆಗೂ ಕೊಡ್ತೀನಿ. ಅವರವರ ಮನೆಯ ಎಲ್ಲಕ್ಕಿಂತ ಬೆಚ್ಚನೆಯ ಜಾಗದಲ್ಲಿ ಇಟ್ಟುಕೊಳ್ಳಲಿ. ಆಮೇಲೆ ನೀವು ಮಂತ್ರ ಹೇಳಿ. ಬಿಸಿ ಎಲ್ಲಿಂದಲೂ ಬರ್ತಾ ಇಲ್ಲ ಅಂದರೆ ಎಲ್ಲರ ತುಪ್ಪವೂ ನೀರಾಗೇ ಇರುತ್ತೆ. ನಾನು ಸೋತೆ ಅಂತ ಊರಿನ ಮುಂದೆ ಹೇಳಿ ನನ್ನೂರಿಗೆ ಹೋಗ್ತೀನಿ. ಯಾವ ಮನೆಯ ತುಪ್ಪವಾದರೂ ಗಟ್ಟಿಯಾದರೆ..." ಅವಳು ತೊಟ್ಟಿಲ ಕಡೆ ನೋಡಿದಳು.

ಅಗ್ಗಳಯ್ಯ ಒಪ್ಪಿದರು. ಗೆಲ್ಲುತ್ತೇನೆಂಬ ಧೈರ್ಯದಿಂದಲೋ, ತೊಟ್ಟಿಲ ಕಡೆಯಿಂದ ಅಳು ಕೇಳಿಸದ ಭಯದಿಂದಲೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದು ನನ್ನ ಬಾಯಲ್ಲಿ ಅಪರೂಪ, ಗಮನಿಸಿ.

ಬೆಳಗಾಯಿತು. ತಲೆಗೆ ಎಣ್ಣೆ ತಿಕ್ಕಿಕೊಂಡು ಊರೇ ಬಚ್ಚಲುಮನೆಯ ಮುಂದೆ ನಿಂತಿತ್ತು. ದ್ಯಾವಕ್ಕ ತನ್ನ ತುಪ್ಪದ ಬಟ್ಟಲನ್ನು ಒಲೆಯ ಕಟ್ಟೆಯ ಮೇಲಿಟ್ಟಳು. ಕೆಂಚವ್ವ ಎಮ್ಮೆಯ ಹೊಟ್ಟೆಯ ಪಕ್ಕ ಇಟ್ಟಳು. ಒಬ್ಬ ಮುದುಕ ತನ್ನ ಕಂಬಳಿಯೊಳಗೇ ಇಟ್ಟುಕೊಂಡ. ಹೊನ್ನಿ ಒಂದು ಬಟ್ಟಲನ್ನು ಪದುಮಿಯ ಕೈಗೆ ಕೊಟ್ಟು, "ಅಕ್ಕಾ, ಇದು ತೊಟ್ಟಿಲಲ್ಲಿ ಇರಲಿ, ಕೂಸಿನ ಕಾಲ ಹತ್ತಿರ" ಅಂದಳು.

ಅಗ್ಗಳಯ್ಯ ಮಂತ್ರ ಹೇಳಿದರು. ಹಂಡೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

"ನಂದು ನೀರಾಗೇ ಇದೆ!" ಒಳಗಿಂದ ದ್ಯಾವಕ್ಕ ಕೂಗಿದಳು.

"ನಂದೂ!" ಕೊಟ್ಟಿಗೆಯಿಂದ ಕೆಂಚವ್ವ ಕೂಗಿದಳು. ಆಮೇಲೆ, "ಏಯ್ ಥೂ, ಎಮ್ಮೆ ನೆಕ್ಕಿಬಿಡ್ತು!"

ಊರು ನಕ್ಕಿತು. "ನಂದೂ ನೀರೇ!" "ಇಲ್ಲೂ ನೀರೇ!" ಒಂದೊಂದು ಬಾಗಿಲಿಂದಲೂ ಕೂಗು ಬಂತು. ಹಂಡೆ ಕುದಿಯತೊಡಗಿತು. ಅಗ್ಗಳಯ್ಯನವರ ಮುಖ ಅರಳಿತು. ಹೊನ್ನಿ ಮಾತ್ರ ಅವರ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಅಲ್ಲಿಂದ ಇನ್ನೂ ಕೂಗು ಬಂದಿರಲಿಲ್ಲ.

ಆಗ ಪದುಮಿ ಹೊರಗೆ ಬಂದಳು. ಒಂದು ಕೈಯಲ್ಲಿ ಕೂಸನ್ನು ಎದೆಗೆ ಅವುಚಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಬಟ್ಟಲನ್ನು ತಲೆಕೆಳಗಾಗಿ ಹಿಡಿದಿದ್ದಳು.

ತುಪ್ಪ ಬೀಳಲಿಲ್ಲ.

ಅಗ್ಗಳಯ್ಯ ಮಂತ್ರವನ್ನು ಅಲ್ಲೇ ನಿಲ್ಲಿಸಿದರು. ಹಂಡೆಯೊಂದೇ ಇನ್ನೂ ಗುಳುಗುಳು ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಎಲ್ಲರಿಗೂ ದಿನಾ ಸಂತೋಷವಾಗುತ್ತಿತ್ತು, ಅವತ್ತು ಆಗಲಿಲ್ಲ.

ಈಗ ಆ ಊರಿನವರ ಪ್ರೀತಿ ನೋಡಿ. ತಮ್ಮ ಅಯ್ಯನೋರ ಮುಖ ಹಾಗೆ ಬಾಡಿದ್ದನ್ನು ಅವರಿಂದ ನೋಡಲಾಗಲಿಲ್ಲ.

"ತುಪ್ಪದಲ್ಲೇ ಏನೋ ದೋಷ ಇರಬಹುದು ಬಿಡಿ ಅಯ್ಯನೋರೇ" ಅಂದಳು ಕೆಂಚವ್ವ.

"ಬಟ್ಟಲೇ ತಣ್ಣಗಿತ್ತೋ ಏನೋ" ಅಂದಳು ದ್ಯಾವಕ್ಕ. ಜಗಳವಾದ ಮೇಲೆ ಅವರಿಬ್ಬರೂ ಒಂದೇ ಕಡೆ ಮಾತಾಡಿದ್ದು ಅದೇ ಮೊದಲು.

ಹೂಂ ಅಂದಿದ್ದರೆ ಸಾಕಿತ್ತು, ಮಾನ ಉಳಿಯುತ್ತಿತ್ತು. ಊರೇ ದಾರಿ ಮಾಡಿಕೊಟ್ಟಿತ್ತು. ಅಗ್ಗಳಯ್ಯ ಮಗಳ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು, ಕೂಸಿನ ದೊಡ್ಡ ಕಿವಿಗಳನ್ನು ನೋಡಿದರು. ಕಿವಿಯ ತುದಿ ನೀಲಿಗಟ್ಟಿತ್ತು.

"ಬೇಡ ಕೆಂಚವ್ವ" ಅಂದರು. "ತಪ್ಪನ್ನು ಮೊದಲು ಹೆಪ್ಪಿನ ಮೇಲೆ ಹಾಕಿದಿರಿ, ಆಮೇಲೆ ಎಮ್ಮೆಯ ಮೇಲೆ, ಆಮೇಲೆ ಚಳಿಯ ಮೇಲೆ. ಈಗ ತುಪ್ಪದ ಮೇಲೂ ಹಾಕಬೇಡಿ. ತಪ್ಪು ನನ್ನದು. ನಾನು ಕಲಿತಾಗ ಈ ಮಂತ್ರಕ್ಕೆ ಇನ್ನೊಂದು ಸಾಲಿತ್ತು. ಬಿಸಿ ಯಾರಿಂದ ಬರಬೇಕು ಅಂತ ಹೆಸರು ಹೇಳಿ, ಅವರನ್ನು ಮುಟ್ಟಿ, ಒಪ್ಪಿಗೆ ಕೇಳುವ ಸಾಲು. ನೀವೆಲ್ಲ ಚಳಿಯಲ್ಲಿ ನಡುಗಿಕೊಂಡು ಕಾಯ್ತಾ ನಿಂತಿರ್ತೀರಲ್ಲ, ಉದ್ದವಾಯಿತು ಅಂತ ಆ ಸಾಲು ಕತ್ತರಿಸಿದೆ. ಆಮೇಲೂ ಹಂಡೆ ಕುದೀತು. ಹಾಗಾದರೆ ಆ ಸಾಲು ಬೇಕಾಗೇ ಇರಲಿಲ್ಲ ಅಂದುಕೊಂಡೆ."

"ಹೆಸರು ಹೇಳದೇ ಹೋದರೆ ಬಿಸಿ ಎಲ್ಲಿಂದ ಬರುತ್ತೆ ಗುರುಗಳೇ?" ಹೊನ್ನಿ ಮೆಲ್ಲಗೆ ಕೇಳಿದಳು.

"ಮದುವೆ ಮನೆಯಲ್ಲಿ 'ಯಾರಾದರೂ ಬಂದು ಈ ಪಾತ್ರೆ ಎತ್ತಿ' ಅಂತ ಕೂಗಿದರೆ ಯಾರು ಬರ್ತಾರೆ ಹೇಳು? ಇಸ್ಪೀಟು ಆಡೋ ಗಟ್ಟಿಮುಟ್ಟಾದವರು ಏಳ್ತಾರಾ? ಯಾವತ್ತೂ ಇಲ್ಲ ಅನ್ನದ ಯಾವುದೋ ಒಂದು ಸಾಧು ಪ್ರಾಣಿ ಎದ್ದು ಬರುತ್ತೆ. ಒಲೆಯ ಬಿಸಿಗೆ ಸಿಡುಕು ಜಾಸ್ತಿ, ಕರೆದರೆ ಬರಲ್ಲ. ಎಮ್ಮೆಯ ಬಿಸಿಗೆ ಹಟ ಜಾಸ್ತಿ, ಅದೂ ಬರಲ್ಲ. ಮೆತ್ತಗಿನ ಬಿಸಿ, ಬೇಡ ಅನ್ನಲು ಬಾರದ ಬಿಸಿ, ಅದು ಬರುತ್ತೆ. ಗಡಿಗೆಯಿಂದ ಬಂತು. ಗಡಿಗೆ ಮುಗೀತು, ಮೊಟ್ಟೆಯಿಂದ ಬಂತು. ಮೊಟ್ಟೆಯೂ ಮುಗೀತು." ಅವರು ಕೂಸಿನ ಕಾಲು ಮುಟ್ಟಿದರು. "ಇವಳನ್ನು ಬೆಚ್ಚಗಿಡಬೇಕು ಅಂತ ಇವಳಿಂದಲೇ ಕಿತ್ತುಕೊಂಡು ನೀರು ಕಾಯಿಸಿ ಎರೆದೆನಲ್ಲೇ."

"ಹಾಗಾದರೆ ಹಂಡೆಯ ಬಿಸಿಯನ್ನೇ ವಾಪಸು ಕಳಿಸಿ ಅಪ್ಪಾ!" ಅಂದಳು ಪದುಮಿ.

"ಬಿಸಿ ದಾರಿಯಲ್ಲಿ ಸೋರುತ್ತೆ ಮಗಳೇ, ತೂತುಬಿಂದಿಗೆಯಲ್ಲಿ ನೀರು ತಂದ ಹಾಗೆ. ಅಷ್ಟು ದೂರ ಹೋಗಿ ಬಂದದ್ದರಲ್ಲಿ ಉಳಿಯೋದು ಸ್ವಲ್ಪವೇ. ಈಗ ಹತ್ತಿರದಿಂದ ಬೇಕು. ಕೂಸನ್ನು ಇಲ್ಲಿ ಕೊಡು."

ಅಗ್ಗಳಯ್ಯ ಜಗಲಿಯ ಮೇಲೆ ಕೂತು ಅಂಗಿ ಬಿಚ್ಚಿದರು. ಆ ಚಳಿಯಲ್ಲಿ! ಕೂಸನ್ನು ಬರಿಯ ಎದೆಗೆ ಒತ್ತಿಕೊಂಡು, ಕತ್ತರಿಸಿ ಎಸೆದಿದ್ದ ಆ ಸಾಲನ್ನು ನೆನಪು ಮಾಡಿಕೊಂಡು, ಒಂದೊಂದೇ ಅಕ್ಷರವಾಗಿ ಹೇಳಿದರು. ಹೆಸರು ಹೇಳುವ ಜಾಗ ಬಂದಾಗ, "ಅಗ್ಗಳಯ್ಯನಿಂದ. ಪೂರ್ತಿ ಒಪ್ಪಿಗೆ" ಅಂದರು.

ಕೂಸಿನ ಕಿವಿಯ ನೀಲಿ ಸ್ವಲ್ಪ ಇಳಿಯಿತು. ಅಗ್ಗಳಯ್ಯನವರ ತುಟಿ ನೀಲಿಯಾಯಿತು. ಹಲ್ಲು ಕಟಕಟ ಎಂದಿತು. ಗಡ್ಡದ ಮೇಲೆ ಮಂಜು ಬೆಳ್ಳಗೆ ಕೂತಿತು. ಆದರೂ ಅವರು ಹೇಳುತ್ತಲೇ ಇದ್ದರು.

ಹೊನ್ನಿ ಓಡಿಬಂದು ಅವರ ಬೆನ್ನ ಮೇಲೆ ಕೈಯಿಟ್ಟಳು. "ಹೊನ್ನಿಯಿಂದಲೂ."

"ಏಯ್, ಬೇಡ ಕಣೇ..."

"ನೀವು ಸುಮ್ಮನೆ ಮಂತ್ರ ಹೇಳಿ ಗುರುಗಳೇ, ಮಧ್ಯೆ ಮಾತಾಡಬೇಡಿ."

ಕೆಂಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಹೊನ್ನಿಯ ಭುಜ ಹಿಡಿದಳು. "ಕೆಂಚವ್ವನಿಂದಲೂ. ಬೇಕಾದಷ್ಟು ತಗೊಳ್ಳಿ, ನನ್ನ ಮೈಯಲ್ಲಿ ಬಿಸಿಗೇನು ಬರ." ದ್ಯಾವಕ್ಕ ಒಂದು ಗಳಿಗೆ ನಿಂತಳು. ಮುಟ್ಟಲು ಹತ್ತಿರದಲ್ಲಿ ಇದ್ದದ್ದು ಕೆಂಚವ್ವನ ಕೈಯೇ. "ದ್ಯಾವಕ್ಕನಿಂದಲೂ" ಎಂದು ಆ ಕೈಯನ್ನೇ ಹಿಡಿದಳು. "ನಿನ್ನ ಕೈ ಯಾಕೇ ಇಷ್ಟು ಒರಟು?" ಅಂದಳು. "ಎಮ್ಮೆ ಸಾಕಿ ನೋಡು, ಗೊತ್ತಾಗುತ್ತೆ" ಅಂದಳು ಕೆಂಚವ್ವ. ಅವರ ಹಿಂದೆ ಕಂಬಳಿಯ ಮುದುಕ, ಅವನ ಹಿಂದೆ ಟವೆಲಿನ ಸಾಲು ಪೂರ್ತಿ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ತಂತಮ್ಮ ಹೆಸರು ಹೇಳಿ ನಿಂತರು. ಪ್ರತಿಯೊಬ್ಬರಿಗೂ ಬೆನ್ನಲ್ಲಿ ಒಂದು ಸಣ್ಣ ನಡುಕ ಹರಿಯಿತು, ಅಷ್ಟೇ. ತಣ್ಣೀರು ಮುಖಕ್ಕೆ ಹಾಕಿಕೊಂಡಾಗ ಆಗುವಷ್ಟು.

ಅಷ್ಟರಲ್ಲಿ ಕೂಸು ಬಾಯಿ ತೆರೆಯಿತು. ಒಂದು ಸಲ ಬಿಕ್ಕಿತು. ಆಮೇಲೆ ಬೆಟ್ಟವೇ ಬಿರಿಯುವ ಹಾಗೆ ಅತ್ತಿತು ನೋಡಿ!

ಪದುಮಿ ಅತ್ತಳು. ಹೊನ್ನಿ ಅತ್ತಳು. ಅಗ್ಗಳಯ್ಯ ನಕ್ಕರು, ನಗುವಾಗ ಗಡ್ಡದ ಮಂಜೆಲ್ಲ ಉದುರಿತು. "ಗಂಟಲು ಯಾರ ಪಡಿಯಚ್ಚು ಗೊತ್ತಾಯಿತಾ?" ಅಂದರು. "ಯಾರದ್ದು?" ಅಂದಳು ಕೆಂಚವ್ವ. "ಎರೆದವಳದ್ದು!" ಅಂದಿತು ಊರು.

ಬೆಕ್ಕು ದ್ಯಾವಕ್ಕನ ಮನೆಯಿಂದ ಹೊರಬಂದು, ಏನೂ ಆಗಿಲ್ಲ ಎಂಬಂತೆ ಮೈ ಮುರಿದು, ತೊಟ್ಟಿಲ ಕೆಳಗೆ ಹೋಗಿ ಮಲಗಿತು.

ಆಮೇಲೆ ಹಂಡೆಯ ಗತಿ ಏನಾಯಿತು ಅಂತ ಕೇಳುತ್ತೀರಿ. ಅಗ್ಗಳಯ್ಯ ಮಂತ್ರ ಬಿಡಲಿಲ್ಲ, ಸಾಲು ಕತ್ತರಿಸುವುದನ್ನು ಬಿಟ್ಟರು. ಊರ ಹೊರಗೆ ಒಂದು ದೊಡ್ಡ ಬಂಡೆ ಇತ್ತು. ಬೆಳಗಿನಿಂದ ಬಿಸಿಲು ಕುಡಿದು ಮಧ್ಯಾಹ್ನದ ಹೊತ್ತಿಗೆ ಕೂರಲಾಗದಷ್ಟು ಕಾಯುತ್ತಿತ್ತು. "ಕೊಡುವವರಿಗೆ ಮತ್ತೆ ತುಂಬಿಕೊಳ್ಳುವ ದಾರಿ ಇರಬೇಕು. ಇದಕ್ಕೆ ಸೂರ್ಯ ಇದ್ದಾನೆ" ಅಂದಳು ಹೊನ್ನಿ. ಬಿಸಿ ದಾರಿಯಲ್ಲಿ ಸೋರಬಾರದೆಂದು ಊರೆಲ್ಲ ಸೇರಿ ಹಂಡೆಯನ್ನೇ ಉರುಳಿಸಿಕೊಂಡು ಹೋಗಿ ಬಂಡೆಯ ಪಕ್ಕ ಕೂರಿಸಿದರು.

"ಅದು ಸರಿ, ಬಂಡೆಯ ಒಪ್ಪಿಗೆ ಕೇಳುವುದು ಹೇಗೆ?" ಎಂದು ದ್ಯಾವಕ್ಕ ಕೇಳಿದಳು.

"ಅದರ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದೆಯಲ್ಲ ಓತಿಕ್ಯಾತ, ಅದನ್ನು ನೋಡ್ತಾ ಇರು" ಅಂದರು ಅಗ್ಗಳಯ್ಯ. "ಅದು ಕೂತಿರುವವರೆಗೂ ನಾನು ತಗೊಳ್ತೀನಿ. ಬಂಡೆ ತಣ್ಣಗಾಗಿ ಅದು ಎದ್ದು ಹೋಯಿತೋ, ನಿಲ್ಲಿಸು ಅಂತ ನನಗೆ ಹೇಳು."

ಹೀಗಾಗಿ ಗಡಗಡಪುರದವರ ಸ್ನಾನ ಬೆಳಗಿನಿಂದ ಮಧ್ಯಾಹ್ನಕ್ಕೆ ಬಂತು. ಮೋಡ ಕವಿದ ದಿನ ಸ್ನಾನವೇ ಇಲ್ಲ. ಮೊದಮೊದಲು ಗೊಣಗಿದರು. ಮೊಸರು ಗಟ್ಟಿಯಾಗಿ, ಮಜ್ಜಿಗೆ ಬಂದು, ಕೋಳಿಮರಿ ಬೀದಿ ತುಂಬ ಓಡಾಡಿದ ಮೇಲೆ ಗೊಣಗುವುದನ್ನು ಬಿಟ್ಟರು. ಹೊನ್ನಿಯನ್ನು ಮಾತ್ರ ಎಲ್ಲಿಂದಮ್ಮ ಅನ್ನುವುದನ್ನು ಬಿಡಲಿಲ್ಲ. ಆದರೆ ಈಗ ಆ ಹೆಸರನ್ನು ಕರೆಯುವಾಗ ಅವಳಿಗೆ ಒಂದು ಚೊಂಬು ಗಟ್ಟಿ ಮೊಸರು ಕೊಟ್ಟು ಕರೆಯುತ್ತಿದ್ದರು. ಅವಳು ಕೇಳುವ ಮೊದಲೇ, "ನಮ್ಮ ಎಮ್ಮೆಯಿಂದ, ದ್ಯಾವಿಯ ಹೆಪ್ಪಿನಿಂದ" ಎಂದು ಕೆಂಚವ್ವ ತಾನೇ ಹೇಳಿಬಿಡುತ್ತಿದ್ದಳು.

ಕೂಸಿಗೆ ಏನು ಹೆಸರಿಟ್ಟರು ಅನ್ನುತ್ತೀರಾ? ಹೊನ್ನಿ ಅಂತಲೇ ಇಟ್ಟರು. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಹೇಳಿದಾಗ, ಅಷ್ಟು ದೊಡ್ಡ ಕಿವಿಗೆ ಒಂದೇ ಸಲಕ್ಕೆ ಕೇಳಿಸಿತಂತೆ.

ನೀತಿ: ನಮಗೆ ಸುಮ್ಮನೆ ಸಿಕ್ಕಿತು ಅನ್ನಿಸುವ ಸುಖ ಎಲ್ಲಿಂದಲೋ ಬಂದೇ ಇರುತ್ತದೆ. ಯಾರನ್ನೂ ಕೇಳದೆ ತೆಗೆದುಕೊಂಡರೆ ಅದು ಬರುವುದು ಉಳ್ಳವರಿಂದಲ್ಲ, ಬೇಡ ಅನ್ನಲು ಬಾರದ ಮೆತ್ತಗಿನವರಿಂದ. ಎಷ್ಟೋ ಸಲ ನಾವು ಯಾರ ಮೇಲಿನ ಪ್ರೀತಿಗೆ ಅದನ್ನು ಮಾಡುತ್ತೇವೋ ಅವರಿಂದಲೇ. ಆದ್ದರಿಂದ ತೆಗೆದುಕೊಳ್ಳುವ ಮೊದಲು "ಎಲ್ಲಿಂದ?" ಎಂದು ಕೇಳಿ, ಕೊಡುವವರ ಹೆಸರು ಹಿಡಿದು ಒಪ್ಪಿಗೆ ಪಡೆಯಿರಿ. ಒಪ್ಪಿ ಹತ್ತು ಜನ ಹಂಚಿಕೊಂಡರೆ ಯಾರೊಬ್ಬರಿಗೂ ಚಳಿಯಾಗುವುದಿಲ್ಲ.

ಅಗೋ, ನನ್ನ ಟೀ ಬಂತು. ಎಷ್ಟು ಬಿಸಿ ಇದೆ ನೋಡಿ! ನೀತಿ ಹೇಳಿದ ಬಾಯಲ್ಲೇ ನಿಯಮ ಮುರಿಯಬಾರದು, ಅದಕ್ಕೆ ಪದ್ಧತಿ ಪ್ರಕಾರ ಹೆಸರು ಹಿಡಿದು, ಭುಜ ಮುಟ್ಟಿ ಕೇಳುತ್ತಿದ್ದೇನೆ. ಈ ಟೀ ಎಲ್ಲಿಂದ? ನಿಮ್ಮ ಜೇಬಿನಿಂದ. ಒಪ್ಪಿಗೆ ತಾನೇ? ಹಾಗಾದರೆ ಯಜಮಾನರಿಗೆ ದುಡ್ಡು ನೀವೇ ಕೊಟ್ಟುಬಿಡಿ.